ಮಟ್ಟಿಯಿಂದ ಮ್ಯಾಟ್‌ಗೆ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರಗಳು.

ದಸರಾ ಕುಸ್ತಿಗೆ ಜೋಡಿ ಕಟ್ಟುವಾಗಲೆಲ್ಲ, ನಮ್ಮ ಪೈಲ್ವಾನರು ಒಲಿಂಪಿಕ್ಸ್‌ಗೆ ಯಾಕೆ ಹೋಗುತ್ತಿಲ್ಲ ಎಂಬ ಮಾತು ಬರುತ್ತದೆ. ಹುಡುಗರಲ್ಲಿ ಕಸುವಿಲ್ಲ ಎನ್ನುವ ಉತ್ತರವನ್ನು ನಾವು ಒಪ್ಪುವುದಿಲ್ಲ. ಅಲ್ಲಿಗೆ ಹೋಗುವ ದಾರಿಯೇ ಬೇರೆ, ನಾವು ಕಲಿಸುತ್ತಿರುವುದೇ ಬೇರೆ.

2024ರ ಪ್ಯಾರಿಸ್ ಲೆಕ್ಕ ನೋಡಿ. ಪುರುಷರ ಫ್ರೀಸ್ಟೈಲ್, ಗ್ರೀಕೊ-ರೋಮನ್, ಮಹಿಳೆಯರ ಫ್ರೀಸ್ಟೈಲ್‌ಗೆ ತಲಾ 6 ತೂಕದ ವಿಭಾಗಗಳು. ಪ್ರತಿ ತೂಕಕ್ಕೆ 16 ಸ್ಥಾನ, ಒಂದು ದೇಶದಿಂದ ಒಬ್ಬರೇ. ಇವುಗಳಲ್ಲಿ 5 ಸ್ಥಾನ 2023ರ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಹಂಚಿಹೋದವು: ಪದಕ ಗೆದ್ದ ನಾಲ್ವರಿಗೆ ನಾಲ್ಕು, ಕಂಚಿನ ಪಂದ್ಯ ಸೋತ ಇಬ್ಬರು ಮತ್ತೆ ಸೆಣಸಿದಾಗ ಗೆದ್ದವರಿಗೆ ಒಂದು. ನಾಲ್ಕು ಖಂಡಮಟ್ಟದ ಕೂಟಗಳಲ್ಲಿ ತಲಾ 2, ಕೊನೆಗೆ ಇಸ್ತಾನ್‌ಬುಲ್‌ನಲ್ಲಿ 3. ಏಷ್ಯಾದ ಕೂಟ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ನಡೆಯಿತು. ಅಲ್ಲಿ ಫೈನಲ್ ತಲುಪಿದವರಿಗಷ್ಟೇ ಸ್ಥಾನ. ಸೆಮಿಫೈನಲ್ ಸೋತವರಿಗೆ ಸ್ಥಾನವಿಲ್ಲ.

ಗೆದ್ದ ಸ್ಥಾನ ದೇಶದ್ದು, ಕುಸ್ತಿಪಟುವಿನದಲ್ಲ. ಅಂತಿಮ್ ಪಂಘಲ್ ಬೆಲ್‌ಗ್ರೇಡ್‌ನಲ್ಲಿ 53 ಕೆ.ಜಿ.ಯ ಸ್ಥಾನ ತಂದರು. ಹೀಗೆ ಆ ತೂಕದ ಸ್ಥಾನ ತುಂಬಿದ ಮೇಲೆ, 53ರಲ್ಲೇ ಆಡುತ್ತಿದ್ದ ವಿನೇಶ್ ಫೋಗಟ್ 50 ಕೆ.ಜಿ.ಗೆ ಇಳಿದು ಬಿಷ್ಕೆಕ್‌ನಲ್ಲಿ ಸ್ಥಾನ ಗೆದ್ದರು. ಒಂದೊಂದು ತೂಕದ ಸ್ಪರ್ಧೆಯೂ ಎರಡು ದಿನ ನಡೆಯುತ್ತದೆ. ಎರಡು ಬೆಳಿಗ್ಗೆಯೂ ತೂಕ, ಎರಡನೇ ದಿನ ಬರೀ 15 ನಿಮಿಷದ ಅವಕಾಶ, ಒಂದು ಗ್ರಾಂ ರಿಯಾಯಿತಿಯೂ ಇಲ್ಲ. ನೀರು ಬಿಟ್ಟು, ಬೆವರು ಹರಿಸಿ ಇಳಿಸಿದ ತೂಕ, ಪಂದ್ಯಗಳ ನಡುವೆ ಕುಡಿದು ತಿಂದೊಡನೆ ಮರಳಿ ಏರುತ್ತದೆ. ಫೈನಲ್ ತಲುಪಿದ್ದ ವಿನೇಶ್ 100 ಗ್ರಾಂ ಹೆಚ್ಚಿದ್ದಕ್ಕೆ ಅನರ್ಹರಾದದ್ದು ಇಡೀ ದೇಶ ಕಂಡ ನೋವು. ಪೈಲ್ವಾನರ ತೂಕವನ್ನು ತಿಂಗಳುಗಟ್ಟಲೆ ಮೊದಲೇ, ಊಟದ ಪಟ್ಟಿಯಿಂದಲೇ ಹದಕ್ಕೆ ತರಬೇಕು. ಅದಕ್ಕೆ ಪೌಷ್ಟಿಕತಜ್ಞರು ಬೇಕು. ಉಪವಾಸದಿಂದ ಆಗುವ ಕೆಲಸವಲ್ಲ.

ಪ್ರಯಾಣವೂ ಸಣ್ಣ ವಿಷಯವಲ್ಲ. ದೀಪಕ್ ಪೂನಿಯಾ ಮತ್ತು ಸುಜೀತ್ ಕಲ್ಕಲ್ ದುಬೈ ಮಳೆಗೆ ಸಿಕ್ಕಿ ಬಿಷ್ಕೆಕ್ ತಲುಪುವಷ್ಟರಲ್ಲಿ ತೂಕ ನೋಡುವ ಹೊತ್ತು ಮೀರಿತ್ತು. ಇಸ್ತಾನ್‌ಬುಲ್‌ನಲ್ಲೂ ಅವರಿಗೆ ಸ್ಥಾನ ದಕ್ಕಲಿಲ್ಲ.

ಭಾರತಕ್ಕೆ ಕೊನೆಗೆ ಸಿಕ್ಕಿದ್ದು 6 ಸ್ಥಾನ. ಐದನ್ನು ತಂದವರು ಹೆಣ್ಣುಮಕ್ಕಳು. ಪುರುಷರ 12 ತೂಕಗಳಲ್ಲಿ ಅಮನ್ ಸೆಹ್ರಾವತ್ ಒಬ್ಬರೇ. ಅವರು ಕಂಚೂ ತಂದರು. ಗ್ರೀಕೊ-ರೋಮನ್‌ನಲ್ಲಿ ಸೊನ್ನೆ. ಸೊಂಟದ ಕೆಳಗೆ ಹಿಡಿಯಬಾರದ, ಕಾಲು ಬಳಸಬಾರದ ಆ ಪ್ರಕಾರಕ್ಕೆ ಬೇರೆಯದೇ ತರಬೇತುದಾರರು ಬೇಕು.

ನಾಡಕುಸ್ತಿಯ ಮೇಲೆ ನಮಗೆ ಅಪಾರ ಗೌರವವಿದೆ. ಮಟ್ಟಿಯಲ್ಲಿ, ಅಂದರೆ ಗರಡಿಯ ಮಣ್ಣಿನ ಕಣದಲ್ಲಿ, ಕಾಲು ಊರುತ್ತದೆ, ಎದುರಾಳಿಯನ್ನು ದಣಿಸಿ ಚಿತ್ ಮಾಡಲು ಸಮಯವಿರುತ್ತದೆ. ಮ್ಯಾಟ್ ಮೇಲೆ 3 ನಿಮಿಷದ ಎರಡು ಸುತ್ತು, 9 ಮೀಟರ್ ವ್ಯಾಸದ ವೃತ್ತ. ಕಾಲು ಹೊರಗಿಟ್ಟರೆ ಎದುರಾಳಿಗೆ 1 ಅಂಕ. ಫ್ರೀಸ್ಟೈಲ್‌ನಲ್ಲಿ 10 ಅಂಕದ ಅಂತರ ಬಿದ್ದರೆ ಕುಸ್ತಿಯೇ ಮುಗಿಯಿತು. ಒಬ್ಬರು ಚಿತ್ ಆಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿಯ ತಾಳ್ಮೆ ಇಲ್ಲಿ 'ಆಡುತ್ತಿಲ್ಲ' ಎಂಬ ಎಚ್ಚರಿಕೆ ತರುತ್ತದೆ. ಇಪ್ಪತ್ತು ದಾಟಿದ ಮೇಲೆ ಮೊದಲ ಬಾರಿ ಮ್ಯಾಟ್ ಹತ್ತಿದವರಿಗೆ ಈ ರೂಢಿ ಬಿಡಿಸುವುದು ಬಹಳ ಕಷ್ಟ.

ಆದ್ದರಿಂದ ಕೇಳುತ್ತೇವೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ದಾವಣಗೆರೆ, ಮೈಸೂರು ಜಿಲ್ಲೆಗಳಲ್ಲಿ, ತಾಲ್ಲೂಕಿಗೆ ಒಂದಾದರೂ ಗರಡಿಯ ಪಕ್ಕ 12 ಮೀಟರ್ ಚೌಕದ ಪೂರ್ಣ ಮ್ಯಾಟ್ ಹಾಸಿಕೊಡಿ. ಅರ್ಧ ಮ್ಯಾಟ್‌ನಲ್ಲಿ ಅಂಚಿನ ಆಟ ಕಲಿಯಲಾಗದು. ಜೊತೆಗೆ ಗ್ರಾಂ ಲೆಕ್ಕ ತೋರಿಸುವ ತಕ್ಕಡಿ ಕೊಡಿ. ಜಿಲ್ಲೆಗೊಬ್ಬ ಮಹಿಳಾ ತರಬೇತುದಾರರನ್ನು, ರಾಜ್ಯಕ್ಕೆ ಕನಿಷ್ಠ ಇಬ್ಬರು ಗ್ರೀಕೊ-ರೋಮನ್ ತರಬೇತುದಾರರನ್ನು ನೇಮಿಸಿ. ದಸರಾ ಕುಸ್ತಿಯಲ್ಲಿ ಮಟ್ಟಿಯ ಜೋಡಿಗಳು ಹಾಗೇ ಇರಲಿ. ಮ್ಯಾಟ್ ವಿಭಾಗದ ಬಹುಮಾನವನ್ನು ಮಾತ್ರ ಒಲಿಂಪಿಕ್ಸ್ ತೂಕಗಳಿಗೆ ಮೀಸಲಿಡಿ, ಎರಡು ದಿನವೂ ತೂಕ ನೋಡಿ. ಬರುವ ದಸರಾಕ್ಕೇ ಈ ಒಂದನ್ನು ಜಾರಿಗೆ ತರಬಹುದು.

ಇಂತಿ,
ರಾಜ್ಯದ ಕುಸ್ತಿ ತರಬೇತುದಾರರು ಮತ್ತು ತೀರ್ಪುಗಾರರು