ಹೊಸ ನಾಜಲ್ ಹಾಕುವ ಮುನ್ನ ಆರಿಫೈಸ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಅತಿ ಒತ್ತಡದ ನೀರಿನಿಂದ ಲೋಹ ಕೊಯ್ಯುವ ವಾಟರ್‌ಜೆಟ್ ಯಂತ್ರದ ಕಟ್ ಒರಟಾದ ಕೂಡಲೇ ನಾಜಲ್ (ಅಂದರೆ ಕೆಳಗಿನ ಮಿಕ್ಸಿಂಗ್ ಟ್ಯೂಬ್) ಬಿಚ್ಚಿ ಹೊಸದು ಹಾಕುವುದು ಅನೇಕ ವರ್ಕ್‌ಶಾಪ್‌ಗಳಲ್ಲಿ ರೂಢಿ. ಎಷ್ಟೋ ಸಲ ತಪ್ಪು ಅದರ ಮೇಲೆ ಕೂತಿರುವ ಆರಿಫೈಸ್‌ (ಜೆಟ್ ರೂಪಿಸುವ ಸಣ್ಣ ರಂಧ್ರದ ಕಲ್ಲು) ನದು, ದಂಡ ತೆರುವುದು ಕೆಳಗಿನ ಟ್ಯೂಬ್.

ಸುಮಾರು 4,000 ಬಾರ್ ಒತ್ತಡದ ನೀರು ಮೊದಲು ಹಾಯುವುದು ಸಫೈರ್, ರೂಬಿ ಅಥವಾ ವಜ್ರದ ಈ ಸಣ್ಣ ಕಲ್ಲಿನ ಮೂಲಕ. ಅದರ ರಂಧ್ರ ಸಾಮಾನ್ಯವಾಗಿ 0.25ರಿಂದ 0.35 ಮಿ.ಮೀ. ನೀರಿಗೆ ಗಾರ್ನೆಟ್ ಎಂಬ ಗಡಸು ಮರಳು ಬೆರೆತು ಹೊರಬೀಳುವ ಕೆಳಗಿನ ಮಿಕ್ಸಿಂಗ್ ಟ್ಯೂಬ್ ಟಂಗ್‌ಸ್ಟನ್ ಕಾರ್ಬೈಡಿನದು, ಒಳವ್ಯಾಸ 0.76 ಅಥವಾ 1.02 ಮಿ.ಮೀ., ಅಂದರೆ ಆರಿಫೈಸಿನ ಸುಮಾರು ಮೂರು ಪಟ್ಟು. ಕಲ್ಲಿನ ಅಂಚಿನಲ್ಲಿ ಚಕ್ಕೆ ಎದ್ದರೆ, ಇಲ್ಲವೇ ಗಡುಸು ನೀರಿನ ಸುಣ್ಣ ಅಲ್ಲಿ ಕಟ್ಟಿಕೊಂಡರೆ, ಜೆಟ್ ನೇರ ಇಳಿಯದೆ ಟ್ಯೂಬಿನ ಒಂದು ಪಕ್ಕವನ್ನೇ ಕೊರೆಯುತ್ತದೆ. ಕಲ್ಲು ಹಾಗೇ ಇದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ಆದ್ದರಿಂದ ಮೊದಲು ಗಾರ್ನೆಟ್ ನಿಲ್ಲಿಸಿ, ಟ್ಯೂಬ್ ತೆಗೆದು, ಕಡಿಮೆ ಒತ್ತಡದಲ್ಲಿ ಬರೀ ನೀರು ಬಿಟ್ಟು ದೂರದಿಂದ ನೋಡಬೇಕು (ಯಂತ್ರದ ಕೈಪಿಡಿ ಒಪ್ಪಿದರೆ ಮಾತ್ರ). ಒಳ್ಳೆಯ ಆರಿಫೈಸಿನ ಜೆಟ್ ಗಾಜಿನ ಕಡ್ಡಿಯಂತೆ ತೆಳ್ಳಗೆ, ಸ್ವಚ್ಛವಾಗಿ ಇಳಿಯುತ್ತದೆ. ಹೊರಟ ಕೂಡಲೇ ತುಂತುರಾಗಿ ಹರಡಿದರೆ, ಪಕ್ಕಕ್ಕೆ ವಾಲಿದರೆ, ಕಲ್ಲನ್ನು ಹೊರತೆಗೆದು ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿಯಲ್ಲಿ) ಪರೀಕ್ಷಿಸಿ. ಸುಣ್ಣವಾದರೆ ಅಲ್ಟ್ರಾಸೋನಿಕ್ ಕ್ಲೀನರ್‌ನಲ್ಲಿ ತೊಳೆಯಬಹುದು. ಚಕ್ಕೆ ಎದ್ದಿದ್ದರೆ ಬಿಸಾಡಬೇಕು. ಗಾರ್ನೆಟ್ ಹೋಸ್‌ನ ಒಳಗೆ ತೇವ ಕಂಡರೂ ಆರಿಫೈಸ್ ಮತ್ತು ಟ್ಯೂಬ್ ಎರಡರ ಮೇಲೂ ಅನುಮಾನ ಪಡಿ: ಹೆಡ್‌ನಲ್ಲಿ (ಆರಿಫೈಸ್ ಮತ್ತು ಟ್ಯೂಬ್ ಕೂರುವ ಭಾಗ) ಗಾರ್ನೆಟ್ ಎಳೆಯುವ ನಿರ್ವಾತದ ಎಳೆತ ಕಡಿಮೆಯಾಗಿ ನೀರು ಹಿಂದಕ್ಕೆ ಬಂದಿದೆ.

ಟ್ಯೂಬಿನ ತುದಿಗೆ ಪಿನ್ ಗೇಜ್ (ರಂಧ್ರ ಅಳೆಯುವ ನಿಖರ ವ್ಯಾಸದ ಕಡ್ಡಿ) ಹಾಕಿ. 0.76ರ ಟ್ಯೂಬಿಗೆ 0.90ರ ಪಿನ್ ಸಲೀಸಾಗಿ ಹೋದರೆ ಕಟ್‌ನ ಅಗಲ ಸುಮಾರು 0.14 ಮಿ.ಮೀ. ಬೆಳೆದಿದೆ, ಆಫ್‌ಸೆಟ್ (ಕಟ್‌ನ ಅರ್ಧ ಅಗಲಕ್ಕೆ ಯಂತ್ರದಲ್ಲಿ ಕೊಡುವ ಹೊಂದಾಣಿಕೆ) ಬದಲಿಸದಿದ್ದರೆ ಕತ್ತರಿಸಿದ ಪ್ರತಿ ಅಂಚಿನಲ್ಲೂ 0.07 ತಪ್ಪುತ್ತದೆ. ನಿಖರ ಕೆಲಸಕ್ಕೆ ಅದು ಸಾಲದು, ಒರಟು ಕೆಲಸಕ್ಕೆ ಇನ್ನೂ ಬಳಸಬಹುದು. ಪಿನ್‌ಗೂ ಒಂದು ಮಿತಿಯಿದೆ. ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದು ತೋರಿಸುವುದು ಕಿರಿದಾದ ಅಗಲವನ್ನು ಮಾತ್ರ. ಪಿನ್ ಇಟ್ಟು ಲೂಪ್‌ನಲ್ಲಿ ನೋಡಿ. ಒಂದು ಕಡೆ ಸಂದು ಬಿಟ್ಟಿದ್ದರೆ ಟ್ಯೂಬ್ ಓರೆಯಾಗಿ ಸವೆದಿದೆ. ಸವೆತ ಒಳಬಾಯಿಯಿಂದ ಕೆಳಗಿಳಿಯುವುದರಿಂದ ತುದಿ ಚೆನ್ನಾಗಿ ಕಂಡರೂ ಒಳಗೆ ಹಾಳಾಗಿರಬಹುದು. ಹಾಗಾಗಿ ಗುಜರಿ ಪ್ಲೇಟಿನಲ್ಲಿ ಒಂದು ಗೆರೆ ಕೊಯ್ದು ಅಗಲ ಅಳೆಯುವುದೂ ಬೇಕು.

ಶಿಫ್ಟಿಗೊಮ್ಮೆ ಟ್ಯೂಬನ್ನು ಕಾಲು ಸುತ್ತು ತಿರುಗಿಸುವುದು ಒಳ್ಳೆಯ ಅಭ್ಯಾಸ, ಸವೆತ ಸುತ್ತಲೂ ಹಂಚಿಕೆಯಾಗುತ್ತದೆ. ಆದರೆ ಅದು ಕೆಟ್ಟ ಆರಿಫೈಸನ್ನು ಮರೆಮಾಚುವ ಉಪಾಯವೂ ಆಗಬಹುದು, ಎಚ್ಚರ.

ಕಲ್ಲು ಪದೇ ಪದೇ ಒಡೆಯುತ್ತಿದ್ದರೆ ಕಲ್ಲಿನ ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ. ಪಂಪಿನ ಸೀಲ್‌ನ ಚೂರು, ಪೈಪಿನ ಥ್ರೆಡ್‌ನ ಲೋಹದ ಹುಡಿ ನೀರಿನೊಡನೆ ಬಂದು ಬಡಿಯುತ್ತಿರುತ್ತವೆ. ಸೀಲ್ ಅಥವಾ ಹೈ ಪ್ರೆಶರ್ ಪೈಪ್ ಬಿಚ್ಚಿದಾಗಲೆಲ್ಲ ಆರಿಫೈಸ್ ಇಲ್ಲದೆ, ಕಡಿಮೆ ಒತ್ತಡದಲ್ಲಿ ಲೈನ್ ತೊಳೆದು ಆಮೇಲೆ ಕಲ್ಲು ಕೂರಿಸಬೇಕು. ಕಲ್ಲು ಕೂರುವ ಸೀಟ್ ಒರೆಸಿ ಒಣಗಿಸಿರಲಿ. ಒಂದು ಕಣ ಉಳಿದರೂ ಕಲ್ಲು ಓರೆಯಾಗುತ್ತದೆ.

ಪಂಪ್ ನಿಲ್ಲಿಸಿ, ಲೈನಿನ ಒತ್ತಡ ಇಳಿಸಿ, ಸ್ವಿಚ್‌ಗೆ ಬೀಗ ಹಾಕಿದ ಮೇಲೆಯೇ ಹೆಡ್‌ಗೆ ಕೈ ಹಾಕಬೇಕು. ಸೋರುವ ವೀಪ್ ಹೋಲ್‌ಗೆ (ಜೋಡಣೆ ಸೋರಿದರೆ ನೀರು ಹೊರಬರುವ ಸಣ್ಣ ತೂತು) ಬೆರಳಿಡುವವರೂ ಇದ್ದಾರೆ. ಜೆಟ್ ಚರ್ಮ ತೂರಿದ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಹಾನಿ ದೊಡ್ಡದಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಹೈ ಪ್ರೆಶರ್ ನೀರು ಒಳನುಗ್ಗಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಇಂತಿ,
ವಾಟರ್‌ಜೆಟ್ ನಿರ್ವಹಣೆಯ ಓದುಗರು