ಇನ್ನಾಸಿಗೊಂದು ಪತ್ರ: ಪೋಪರ ಅಡಿಟಿಪ್ಪಣಿ, ಬಿಷಪರ ಮೌನ, ನಮ್ಮ ನಾಲಿಗೆ

ಚಿರಂಜೀವಿ ಇನ್ನಾಸಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಹಾಗೇ ಇದೆ, ಆದರೂ ಬೆಳಗಿನ ಪೂಜೆ ತಪ್ಪಿಸುವುದಿಲ್ಲ.

ಚರ್ಚಿನ ಹಬ್ಬಕ್ಕೆ ಬಂದವನು ಊಟ ಮುಗಿಯುವುದರೊಳಗೆ ಮೂರು ಜನರ ಮೇಲೆ ತೀರ್ಪು ಕೊಟ್ಟು ಎದ್ದೆ. ಪೋಪ್ ಫ್ರಾನ್ಸಿಸ್ ಲೋಕದ ಚಪ್ಪಾಳೆಗೋಸ್ಕರ ಮದುವೆಯ ಸಂಸ್ಕಾರವನ್ನೇ ಹಾಳು ಮಾಡಿದರು. ನಮ್ಮ ಬಿಷಪರು ಹೇಡಿ, ಎಲ್ಲ ಗೊತ್ತಿದ್ದೂ ಕಣ್ಣು ಮುಚ್ಚಿ ಕೂತಿದ್ದಾರೆ. ನಮ್ಮ ಬೀದಿಯ ಆ ಹೆಂಗಸು, ಡೈವೋರ್ಸ್ ಮಾಡಿಕೊಂಡು ಎರಡನೇ ಮದುವೆಯಾದವಳು, ಅಂಥವರಿಗೆ ನಮ್ಮ ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಸಲ್ಲದ ಪರಮಪ್ರಸಾದವನ್ನು, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ನಾಚಿಕೆಯಿಲ್ಲದೆ ತೆಗೆದುಕೊಳ್ಳುತ್ತಾಳೆ. ನೆಂಟರ ಎದುರು ಬೆಳೆದ ಹುಡುಗನನ್ನು ತಡೆಯುವುದು ಬೇಡ ಅಂತ ಸುಮ್ಮನೆ ಪಾಯಸ ಬಡಿಸಿದೆ. ಆವತ್ತು ಹೇಳದೇ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಮೂವರಲ್ಲಿ ನನಗೆ ಹತ್ತಿರದವಳು ಆ ಹೆಂಗಸು, ಅವಳಿಂದಲೇ ಶುರು ಮಾಡುತ್ತೇನೆ. ಇದನ್ನು ನಿನಗೆ ಹೇಳಬಹುದಾ ಅಂತ ಅವಳನ್ನೇ ಕೇಳಿದೆ. "ಹೇಳಿ ಟೀಚರಮ್ಮ, ನಿಮ್ಮ ಹುಡುಗನಿಗೆ ತಾನೇ" ಅಂದಳು. ಅವಳನ್ನು ಕಟ್ಟಿಕೊಂಡ ಗಂಡಸಿಗೆ ಬೇರೊಂದು ಊರಿನ ಚರ್ಚಿನಲ್ಲಿ ಮೊದಲೇ ಮದುವೆಯಾಗಿತ್ತು, ಆ ಹೆಂಡತಿ ಬದುಕಿದ್ದಳು. ಅಲ್ಲಿನ ಮದುವೆ ರಿಜಿಸ್ಟರಿನ ನಕಲು ಕೈಗೆ ಬಂದ ದಿನ ಇವಳು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆ ಹಾಳೆಯನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಬಾಯಿಂದ ಒಂದು ಮಾತಿಲ್ಲ. ಧರ್ಮಪ್ರಾಂತ್ಯದ, ಅಂದರೆ ಬಿಷಪರ ಆಡಳಿತದ, ನ್ಯಾಯಮಂಡಳಿಗೆ ಕೊಡುವ ಅರ್ಜಿಯನ್ನು ಬರೆದುಕೊಟ್ಟವಳು ನಾನು. ಆ ಮದುವೆ ಮೊದಲ ದಿನದಿಂದಲೇ ಅನೂರ್ಜಿತ ಅಂತ ತೀರ್ಪಾಯಿತು. ಅಂದರೆ ಕಟ್ಟಿದ ಗಂಟನ್ನು ಯಾರೂ ಬಿಚ್ಚಲಿಲ್ಲ, ಗಂಟೇ ಬಿದ್ದಿರಲಿಲ್ಲ. ಆಮೇಲೆ ಅವಳು ಆದ ಮದುವೆ ಧರ್ಮಸಭೆಯ ಲೆಕ್ಕದಲ್ಲಿ ಅವಳ ಮೊದಲನೇ ಮದುವೆ.

ಹಾಗಾದರೆ ಕೋರ್ಟಿಗೆ ಯಾಕೆ ಹೋದಳು ಅಂತ ನೀನು ಕೇಳುತ್ತೀಯ. ನಮ್ಮ ದೇಶದ ಕಾನೂನಿನ ಮುಂದೆ ಧರ್ಮಸಭೆಯ ತೀರ್ಪು ನಡೆಯುವುದಿಲ್ಲ ಕಣೋ. ಅದಕ್ಕೂ ಮಾನ್ಯತೆ ಕೊಡಿ ಅಂತ ಮಂಗಳೂರಿನ ವಕೀಲರೊಬ್ಬರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಹಾಗಾಗಿ ಇವಳು ಫ್ಯಾಮಿಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು. ಬೀದಿಯವರ ಕಣ್ಣಿಗೆ ಬಿದ್ದದ್ದು ವಕೀಲರು, ವಾಯಿದೆಗಳು. ನ್ಯಾಯಮಂಡಳಿಯ ಕಡತ ಗುಟ್ಟಿನದು, ಅದನ್ನು ಯಾರೂ ನೋಡಲಿಲ್ಲ. ಕಂಡ ಅರ್ಧಕ್ಕೆ ಕಾಣದ ಅರ್ಧವನ್ನು ತಾವೇ ಸೇರಿಸಿ ಹೊಲಿದರು, ಆ ಬಟ್ಟೆಯನ್ನು ನೀನು ತಂದು ನಮ್ಮ ಪಂಕ್ತಿಯಲ್ಲಿ ಹರಡಿದೆ. ಫಾದರಿಗೆ ವಿಷಯ ಗೊತ್ತು, ಬಿಷಪರಿಗೆ ಗೊತ್ತು, ಆದರೆ ಒಬ್ಬ ಹೆಣ್ಣುಮಗಳ ಸಂಸಾರದ ಕಥೆಯನ್ನು ಅವರು ಪ್ರಸಂಗದಲ್ಲಿ ಹೇಳುವ ಹಾಗಿಲ್ಲ. ನೀನು ಹೇಡಿತನ ಅಂದದ್ದು ಅದಕ್ಕೇ. ಬಾಯಿ ಬಿಡುವ ಹಾಗಿಲ್ಲದವರ ಮೇಲೆ ಏನು ಹೊರಿಸಿದರೂ ಎದುರುತ್ತರ ಬರುವುದಿಲ್ಲ, ಉತ್ತರ ಬಾರದ ಆರೋಪ ನಿಜದ ಹಾಗೇ ಕೇಳಿಸುತ್ತದೆ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ಜ್ಞಾನೋಪದೇಶದ ತರಗತಿಯಲ್ಲಿ ನಿನಗೆ ಬಾಯಿಪಾಠ ಮಾಡಿಸಿದವಳು ನಾನೇ. ಕಥೋಲಿಕ ಧರ್ಮೋಪದೇಶ ಗ್ರಂಥದ 2477ನೇ ಪ್ಯಾರಾ ದುಡುಕಿನ ತೀರ್ಪನ್ನು ಅದೇ ಆಜ್ಞೆಯ ಕೆಳಗೆ ಇಡುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ನೈತಿಕ ತಪ್ಪನ್ನು ನಿಜವೆಂದು ನಂಬಿದರೆ, ಮನಸ್ಸಿನೊಳಗೇ ನಂಬಿದರೂ, ಅದು ಪಾಪ. ನೀನು ನಂಬಿದ್ದಲ್ಲದೆ ಊಟಕ್ಕೆ ಕೂತ ಅಷ್ಟೂ ಜನರಿಗೆ ಹಂಚಿದೆ.

ಇನ್ನು ಪೋಪರ ವಿಷಯ. 2016ರ ಏಪ್ರಿಲ್‌ನಲ್ಲಿ ಬಂದ 'ಅಮೋರಿಸ್ ಲೆತಿತ್ಸಿಯಾ' ಕುಟುಂಬಜೀವನದ ಬಗ್ಗೆ ಫ್ರಾನ್ಸಿಸರು ಬರೆದ 325 ಪ್ಯಾರಾಗಳ ಪತ್ರ. ನಿಮ್ಮ ಗುಂಪಿನವರು ಓದಿರುವುದು ಅದರ 351ನೇ ಅಡಿಟಿಪ್ಪಣಿಯೊಂದನ್ನು ಅಂತ ನನ್ನ ಗುಮಾನಿ. ಹೊರಗಿನಿಂದ ಪಾಪದ ಸ್ಥಿತಿಯಲ್ಲಿ ಕಾಣುವವರು ಒಳಗೆ ಪೂರ್ತಿ ಹೊಣೆಗಾರರಲ್ಲದೆ ಇರಬಹುದು, ಅಂಥವರಿಗೆ ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ ನೆರವೂ ಸಿಗಬಹುದು ಅಂತ ಅಲ್ಲಿದೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು 'ಫಮಿಲಿಯಾರಿಸ್ ಕೊನ್ಸೋರ್ಸಿಯೊ' ಎಂಬ ಪತ್ರದಲ್ಲಿ, ಮರುಮದುವೆಯಾಗಿ ಮಕ್ಕಳ ಕಾರಣಕ್ಕೆ ಬೇರೆಯಾಗಲಾರದ ಜೋಡಿ ಅಣ್ಣತಂಗಿಯರ ಹಾಗೆ ಬಾಳಿದರೆ ಮಾತ್ರ ಪರಮಪ್ರಸಾದ ಅಂದಿದ್ದರು. ಅದನ್ನು ನೀನು ಹೇಳಿದೆ, ಸರಿಯಾಗಿಯೇ ಹೇಳಿದೆ. ಆದರೆ ಆ ಪತ್ರದ ಅದೇ 84ನೇ ಪ್ಯಾರಾದಲ್ಲಿ, ಅನ್ಯಾಯವಾಗಿ ಕೈಬಿಡಲ್ಪಟ್ಟವರನ್ನೂ ತಾವೇ ಮದುವೆ ಮುರಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಗುರುಗಳಿಗೆ ಹೇಳಿದ್ದನ್ನು ಬಿಟ್ಟೆ. ಫ್ರಾನ್ಸಿಸರು ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದರೋ ದಾರಿಯನ್ನೇ ಬಿಟ್ಟರೋ ಅನ್ನುವುದು ನಿಜವಾದ ಚರ್ಚೆ. ಬುಯೆನೊಸ್ ಐರಿಸ್ ಪ್ರದೇಶದ ಮತ್ತು ಮಾಲ್ಟಾದ ಬಿಷಪರು ಒಂದು ರೀತಿ ಓದಿದರು, ಪೋಲೆಂಡಿನವರು ಇನ್ನೊಂದು ರೀತಿ. ನನ್ನನ್ನು ಕೇಳಿದರೆ ಇಷ್ಟು ದೊಡ್ಡ ವಿಷಯವನ್ನು ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇಡಬಾರದಿತ್ತು.

ನೋಡು, ನಾನೂ ಟೀಕೆ ಮಾಡಿದೆ. ಮಾಡಬಹುದು. ಧರ್ಮಸಭೆಯ ಕಾನೂನಿನ 212ನೇ ವಿಧಿ ತಿಳಿವಳಿಕೆಯುಳ್ಳ ಭಕ್ತರಿಗೆ ಆ ಹಕ್ಕು ಕೊಡುತ್ತದೆ, ಒಮ್ಮೊಮ್ಮೆ ಅದು ಕರ್ತವ್ಯ ಅಂತಲೂ ಹೇಳುತ್ತದೆ, ಗುರುಗಳ ಮೇಲಿನ ಗೌರವ ಬಿಡದೆ. ಬೈಬಲಿನಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿ ಸಂತ ಪೌಲರು ಮೊದಲ ಪೋಪರಾದ ಪೇತ್ರರನ್ನೇ ಎದುರಿಸಲಿಲ್ಲವೇ? ಪೇತ್ರರು ಹೆದರಿ ಹಾಗೆ ಮಾಡಿದರು ಅಂತ ಪೌಲರು ಒಳಗಿನ ಕಾರಣವನ್ನೂ ಹೇಳಿದ್ದಾರಲ್ಲ ಅಂತ ನೀನು ವಾದಿಸುತ್ತೀಯ, ಬಲ್ಲೆ. ಹೌದು, ಹೇಳಿದರು. ಪೌಲರು ಅಲ್ಲೇ ಇದ್ದರು. ನಿನ್ನೆಯವರೆಗೆ ಯೆಹೂದ್ಯರಲ್ಲದ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರರು, ಯೆಹೂದಿ ಕಟ್ಟಳೆಯ ಪರವಾದ ಯಾಕೋಬರ ಕಡೆಯವರು ಬಂದ ಕೂಡಲೇ ಜಾಗ ಬಿಟ್ಟದ್ದನ್ನು ಕಣ್ಣಾರೆ ಕಂಡರು, ಅವರ ಮುಖಕ್ಕೇ ಹೇಳಿದರು. ಸಾಕಷ್ಟು ಆಧಾರ ಅಂದರೆ ಅದು. ಫ್ರಾನ್ಸಿಸರು ಚಪ್ಪಾಳೆಗೋಸ್ಕರ ಬರೆದರು ಅನ್ನುವುದಕ್ಕೆ ನಿನ್ನ ಹತ್ತಿರ ಏನಿದೆ?

ಬರ್ಕ್, ಬ್ರಾಂಡ್‌ಮುಲ್ಲರ್, ಕಫ್ಫಾರ, ಮೈಸ್ನರ್ ಎಂಬ ನಾಲ್ವರು ಕಾರ್ಡಿನಲ್‌ಗಳನ್ನು ನೀನು ಹೊಗಳಿದೆ. ಅವರು ಮಾಡಿದ್ದೇನು? 2016ರ ಸೆಪ್ಟೆಂಬರಿನಲ್ಲಿ 'ಅಮೋರಿಸ್ ಲೆತಿತ್ಸಿಯಾ' ಕುರಿತು ಐದು ಪ್ರಶ್ನೆಗಳನ್ನು ಪೋಪರಿಗೆ ಖಾಸಗಿಯಾಗಿ ಕಳಿಸಿದರು, ಉತ್ತರ ಬಾರದೆ ನವೆಂಬರಿನಲ್ಲಿ ಬಯಲಿಗಿಟ್ಟರು. ಅವು ಪ್ರಶ್ನೆಗಳು ಕಣೋ, ಆರೋಪಪಟ್ಟಿಯಲ್ಲ. ಪೋಪರು ಉತ್ತರಿಸಬೇಕಿತ್ತು ಅಂತ ನನಗೂ ಅನಿಸುತ್ತದೆ. ನಾಲ್ವರಲ್ಲಿ ಇಬ್ಬರು ಮರುವರ್ಷವೇ ಉತ್ತರ ಕಾಣದೆ ತೀರಿಕೊಂಡರು, ಅದು ನೋವಿನ ಸಂಗತಿ. ಆದರೆ ಸುಮ್ಮನಿದ್ದದ್ದೇ ತಪ್ಪೊಪ್ಪಿಗೆ ಅಂತ ನೀನು ಹೇಗೆ ಹೇಳುತ್ತೀಯ? ಇನ್ನೂ ಖಾರವಾಗಿ, ಏಳು ಧರ್ಮವಿರೋಧಿ ಮಾತುಗಳು ಹರಡುತ್ತಿವೆ ಅಂತ 2017ರಲ್ಲಿ ಪೋಪರಿಗೆ ಬರೆದ ಪಂಡಿತರು ಕೂಡ, ಅವರು ಎಷ್ಟು ತಿಳಿದು ಹಾಗೆ ಮಾಡಿದರು ಎಂಬುದನ್ನು ತಾವು ತೀರ್ಮಾನಿಸುವುದಿಲ್ಲ ಅಂದಿದ್ದರು. ಅವರೇ ನಿಂತ ಗೆರೆಯನ್ನು ನೀನು ದಾಟಿದೆ. ಈಗ ಫ್ರಾನ್ಸಿಸರೂ ಇಲ್ಲ, 2025ರ ಏಪ್ರಿಲ್‌ನಲ್ಲಿ ಹೋದರು. ನಿನ್ನ ಪ್ರಾರ್ಥನೆ ಅವರಿಗೆ ಬೇಕು, ತೀರ್ಪು ಕೊಡುವವರು ಬೇರೆ ಇದ್ದಾರೆ.

ಆ ನಾಲ್ವರು ಕಾರ್ಡಿನಲ್‌ಗಳನ್ನು ಕರುಣೆಯಿಲ್ಲದೆ ಬರೀ ಕಟ್ಟಳೆಗೆ ಜೋತುಬಿದ್ದ ಫರಿಸಾಯರು ಅಂದಳಲ್ಲ ನಿನ್ನ ತಂಗಿ, ಅವಳಿಗೂ ಇದೇ ಮದ್ದು. ಅವಳಿಗೆ ಬೇರೆ ಪತ್ರ ಬರೆಯುತ್ತೇನೆ, ಬೀಗಬೇಡ.

ನಿನಗೆ ಹೆಸರು ಕೊಟ್ಟ ಸಂತ ಇಗ್ನೇಷಿಯಸ್ ಲೊಯೋಲಾರು ತಮ್ಮ ಧ್ಯಾನಸಾಧನೆಯ ಪುಸ್ತಕದ ಆರಂಭದಲ್ಲೇ ಹೇಳುವುದನ್ನು ಓದು. ಇನ್ನೊಬ್ಬರ ಮಾತಿಗೆ ಆದಷ್ಟೂ ಒಳ್ಳೆಯ ಅರ್ಥ ಹಚ್ಚು. ಆಗದಿದ್ದರೆ, ಯಾವ ಅರ್ಥದಲ್ಲಿ ಹೇಳಿದಿರಿ ಅಂತ ಅವರನ್ನೇ ಕೇಳು. ತಪ್ಪು ಅರ್ಥದಲ್ಲೇ ಹೇಳಿದ್ದರೆ ಪ್ರೀತಿಯಿಂದ ತಿದ್ದು. ಇದನ್ನು ಬರೆದವರು ಪೆದ್ದರಲ್ಲ. ಅಲ್ಕಲಾದಲ್ಲಿ ಮತ್ತು ಸಲಮಾಂಕಾದಲ್ಲಿ ಧರ್ಮವಿಚಾರಣೆಯವರ ಅನುಮಾನಕ್ಕೆ ಸಿಕ್ಕಿ ಸೆರೆಯಲ್ಲಿ ಕೂತು ಬಂದವರು.

ನಿನ್ನ ಆವೇಶ ವ್ಯರ್ಥವಾಗುವುದು ನನಗೆ ಬೇಡ. ಬಿಷಪರಿಗೆ ಪತ್ರ ಬರೆ. ಮರುಮದುವೆಯಾದವರ ವಿಷಯದಲ್ಲಿ ನಮ್ಮ ಗುರುಗಳಿಗೆ ಏನು ಸೂಚನೆ ಕೊಟ್ಟಿದ್ದೀರಿ ಅಂತ ಕೇಳು. ವಿವಾಹ ಪ್ರಕರಣಗಳು ಬೇಗ ಮುಗಿಯಲಿ, ಆದಷ್ಟೂ ಉಚಿತವಾಗಿರಲಿ ಅಂತ 2015ರಲ್ಲಿ ಫ್ರಾನ್ಸಿಸರು ಕಾನೂನನ್ನೇ ಬದಲಿಸಿದರು. ಆ ಎರಡೂ ನಮ್ಮಲ್ಲಿ ಎಷ್ಟರ ಮಟ್ಟಿಗೆ ಜಾರಿಯಾಗಿವೆ, ಶುಲ್ಕ ಕಟ್ಟಲಾಗದ ಬಡವರು ಯಾರನ್ನು ಕಾಣಬೇಕು ಅಂತಲೂ ಕೇಳು. ಅರ್ಜಿ ಹಿಡಿದು ಅಲೆದ ಆ ಹೆಂಗಸಿನ ಜೊತೆ ನಾನೂ ಅಲೆದಿದ್ದೇನೆ, ಈ ಪ್ರಶ್ನೆಗೆ ನಿನ್ನ ಹೆಸರಿನ ಕೆಳಗೆ ನನ್ನ ಸಹಿಯನ್ನೂ ಹಾಕುತ್ತೇನೆ. ಒಂದೇ ಪುಟ ಸಾಕು. ಕರಡನ್ನು ಮುಂದಿನ ಭಾನುವಾರ ತಂದು ತೋರಿಸು, ನಿನ್ನ ಅಲ್ಪಪ್ರಾಣ ಮಹಾಪ್ರಾಣ ಇನ್ನೂ ಸರಿಯಾಗಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ