ಮೊದಲು ಗಟಾರ, ಆಮೇಲೆ ಡಾಂಬರು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಿಂದ ಕವಲೊಡೆದು ಬಡಾವಣೆಗಳೊಳಗೆ ಸಾಗುವ ರಸ್ತೆಯೊಂದರ ಬದಿಯಲ್ಲಿ ನಾನು 18 ವರ್ಷಗಳಿಂದ ವಾಸವಾಗಿದ್ದೇನೆ. ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಈ ರಸ್ತೆಯಲ್ಲಿ ಈಗ ಡಾಂಬರು ಉಳಿದಿರುವುದು ಅಲ್ಲಲ್ಲಿ ಮಾತ್ರ. ಮಿಕ್ಕಂತೆ ಕಾಣುವುದು ಖಡಿ ಎದ್ದ ತೆಗ್ಗುಗಳು, ಕೊಳವೆ ಹಾಕಲು ಅಗೆದು ಮಣ್ಣೆಳೆದು ಬಿಟ್ಟ ಉದ್ದನೆಯ ಕಂದಕ, ಎರಡೂ ಬದಿಗೆ ಯಾರೋ ರಾತ್ರಿ ತಂದು ಸುರಿದು ಹೋದ ಹಳೆಯ ಮನೆಗಳ ಇಟ್ಟಿಗೆ, ಗಾರೆ. ಬೇಸಿಗೆಯಲ್ಲಿ ರಸ್ತೆಯ ಕಡೆಯ ಕಿಟಕಿಗಳನ್ನು ನಾವು ತೆರೆಯುವುದೇ ಇಲ್ಲ. ಮಳೆಗಾಲದಲ್ಲಿ ಧೂಳಿನ ಜಾಗದಲ್ಲಿ ರಾಡಿ ಇರುತ್ತದೆ.

ಚಿಗರಿ ಎಂಬ ತ್ವರಿತ ಸಾರಿಗೆ ಬಸ್ಸುಗಳಿಗಾಗಿ ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಪಥ ನಿರ್ಮಾಣವಾಗಿ, 2018ರಿಂದ ಬಸ್ಸುಗಳು ಓಡುತ್ತಿವೆ. ಇದು ನಮಗೆಲ್ಲ ನಿಜವಾಗಿ ಉಪಕಾರವಾದ ಯೋಜನೆ. ಧಾರವಾಡದಲ್ಲಿ ಓದುವ ನನ್ನ ಮಗಳು ಅಷ್ಟು ದೂರವನ್ನು ನಿರಾಯಾಸವಾಗಿ ಕ್ರಮಿಸಿ ಬಂದು, ನಿಲ್ದಾಣದಿಂದ ಮನೆಯವರೆಗಿನ ಹತ್ತು ನಿಮಿಷದ ದಾರಿಯನ್ನು ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾಳೆ. 76 ವರ್ಷದ ನಮ್ಮ ತಾಯಿಗೆ ಪ್ರತಿ ಸೋಮವಾರ ಚಂದ್ರಮೌಳೇಶ್ವರ ಗುಡಿಗೆ ನಡೆದು ಹೋಗುವ ರೂಢಿಯಿತ್ತು. ಕಳೆದ ಮಳೆಗಾಲದಲ್ಲಿ ನೀರು ತುಂಬಿದ ತೆಗ್ಗಿನ ಆಳ ತಿಳಿಯದೆ ಕಾಲಿಟ್ಟು ಬಿದ್ದು, ಮಣಿಕಟ್ಟಿನ ಎಲುಬು ಮುರಿದ ಮೇಲೆ ಆ ರೂಢಿ ನಿಂತುಹೋಗಿದೆ.

ಈ ರಸ್ತೆಗೆ ಯಾರೂ ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಬಹುತೇಕ ಪ್ರತಿ ವರ್ಷ ತೇಪೆ ಹಾಕಲಾಗುತ್ತದೆ. ಆ ತೇಪೆ ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಯನ್ನು ಸಂಬಂಧಪಟ್ಟವರು ಒಮ್ಮೆ ಕೇಳಿಕೊಳ್ಳಲಿ ಎಂಬುದೇ ಈ ಪತ್ರದ ಉದ್ದೇಶ. ನಮ್ಮ ಭಾಗದ್ದು ಎರೆಮಣ್ಣಿನ ನೆಲ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಿಂಗಾರಿನ ಜೋಳಕ್ಕೂ ಕಡಲೆಗೂ ತೇವ ಹಿಡಿದಿಡುವ ಈ ಮಣ್ಣು ರಸ್ತೆಯ ಅಡಿಯಲ್ಲಿದ್ದರೆ ಮೇಲಿನ ಪದರಗಳನ್ನೆಲ್ಲ ಅಲುಗಾಡಿಸುತ್ತದೆ. ಆದ್ದರಿಂದಲೇ ಇಂಥ ಕಡೆ ಎರೆಮಣ್ಣನ್ನು ತೆಗೆದು ಗರಸು ತುಂಬಿ ಅಥವಾ ಸುಣ್ಣ ಬೆರೆಸಿ ನೆಲವನ್ನು ಗಟ್ಟಿಗೊಳಿಸುವ, ಮೇಲ್ಮೈಗೆ ನಡುವಿನಿಂದ ಅಂಚಿನ ಕಡೆಗೆ ಮೀಟರಿಗೆ 2ರಿಂದ 2.5 ಸೆಂಟಿಮೀಟರಿನಷ್ಟು ಇಳಿಜಾರು ಕೊಡುವ, ಅಂಚಿಗೆ ಬಂದ ನೀರನ್ನು ಗಟಾರದ ಮೂಲಕ ದೂರ ಸಾಗಿಸುವ ಪದ್ಧತಿಯಿದೆ. ನಮ್ಮ ರಸ್ತೆಯ ಒಂದು ಬದಿಗೆ ಗಟಾರವೇ ಇಲ್ಲ. ಇನ್ನೊಂದು ಬದಿಯದು ಹೂಳು ತುಂಬಿ, ಫರ್ಸಿಗಳು ಒಡೆದು, ಮನೆ ಮತ್ತು ಅಂಗಡಿಗಳ ಮೆಟ್ಟಿಲುಗಳ ಅಡಿಯಲ್ಲಿ ಮುಚ್ಚಿಹೋಗಿದೆ. ಮೇಲ್ಭಾಗದಿಂದ ಹರಿದು ಬರುವ ನೀರು ನಾಲಾದ ಕಡೆಗೆ ದಾರಿ ಕಾಣದೆ ರಸ್ತೆಯ ಮೇಲೆಯೇ ನಿಂತು, ಬಿರುಕುಗಳಿಂದ ಕೆಳಗಿಳಿದು ನೆಲವನ್ನು ಮೆತ್ತಗೆ ಮಾಡುತ್ತದೆ. ಅಂಥ ನೆಲದ ಮೇಲೆ ಮರಳು ತುಂಬಿದ ಲಾರಿಯೊಂದು ಹಾಯ್ದರೆ ಸಾಕು. ಹೋದ ಗಣೇಶ ಚೌತಿಗೆ ಮುನ್ನ ಹಾಕಿದ ತೇಪೆ ದೀಪಾವಳಿಯ ಹೊತ್ತಿಗೆ ಬಿಡಿ ಖಡಿಯಾಗಿ ಬದಿಗೆ ಸರಿದಿತ್ತು.

ಕೊಳವೆಯ ಕಾಮಗಾರಿಗೆ ನಮ್ಮ ವಿರೋಧವಿಲ್ಲ. ನೀರಿಗಾಗಿ ದಿನಗಟ್ಟಲೆ ಕಾಯುವ ನಮಗೆ ಅದರ ಅಗತ್ಯ ಗೊತ್ತು. ಆದರೆ ಅಗೆದ ಕಂದಕಕ್ಕೆ ಅದೇ ಎರೆಮಣ್ಣನ್ನು ತಳ್ಳಿ, ಪದರ ಪದರವಾಗಿ ದಿಮ್ಮಸು ಹೊಡೆಯದೆ ಬಿಟ್ಟರೆ ಮೊದಲ ಮಳೆಗೇ ಅದು ಕುಸಿಯುತ್ತದೆ. ನಮ್ಮಲ್ಲಿ ಆದದ್ದೂ ಅದೇ.

ಕಟ್ಟಡದ ತ್ಯಾಜ್ಯವನ್ನು ರಸ್ತೆಗೆ ಸುರಿಯಬಾರದೆಂದು 2016ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಮ್ಮ ತಿರುವಿನಲ್ಲಿರುವ ಹೊಂಗೆಯ ಮರದ ಬುಡ ಮಾತ್ರ ತಿಪ್ಪೆಯಾಗಿಯೇ ಉಳಿದಿದೆ. ಅಲ್ಲಿ ಕಸಕ್ಕೆ ಬೆಂಕಿ ಹಚ್ಚಿ ಹಚ್ಚಿ ಮರದ ಒಂದು ಪಕ್ಕ ಸುಟ್ಟು ಕಪ್ಪಾಗಿದೆ. ಮುಂಚೆ ಅದರ ನೆರಳಿನಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಅಜ್ಜಿ ಈಗ ಬಿಸಿಲಿನಲ್ಲಿ ಕೂರುತ್ತಾರೆ. ನನಗೆ ಈ ರಸ್ತೆಯಲ್ಲಿ ಅತ್ಯಂತ ನೋವು ಕೊಡುವ ನೋಟ ಇದು.

ಆದ್ದರಿಂದ ನಮ್ಮ ಬೇಡಿಕೆ ಮತ್ತೊಂದು ತೇಪೆಯದಲ್ಲ. ಬೇಸಿಗೆ ಮುಗಿಯುವುದರೊಳಗೆ ಎರಡೂ ಬದಿಗೆ ಗಟಾರವಾಗಲಿ, ನೀರು ಎಲ್ಲಿಗೆ ಹೋಗಿ ಸೇರಬೇಕೆಂಬುದನ್ನು ಮೊದಲೇ ಅಳತೆ ಮಾಡಿ ನಿಶ್ಚಯಿಸಲಿ, ಅಗೆಯಬೇಕಾದ ಇಲಾಖೆಗಳೆಲ್ಲ ಅಷ್ಟರೊಳಗೆ ಅಗೆದು ಮುಗಿಸಲಿ. ಡಾಂಬರು ಕೊನೆಯಲ್ಲಿ ಬರಲಿ. ಕಾಮಗಾರಿಯ ಮೊತ್ತವೆಷ್ಟು, ಎಷ್ಟು ವರ್ಷ ಅದರ ನಿರ್ವಹಣೆ ಗುತ್ತಿಗೆದಾರರ ಹೊಣೆ ಎಂಬುದನ್ನು ರಸ್ತೆಯ ಬದಿಯಲ್ಲಿ ಫಲಕ ಹಾಕಿ ತಿಳಿಸಿದರೆ, ಕೆಟ್ಟಾಗ ಯಾರನ್ನು ಕೇಳಬೇಕೆಂಬುದು ನಮಗೂ ಗೊತ್ತಾಗುತ್ತದೆ.

ಗಟಾರ ಮುಚ್ಚಿದ ಮೆಟ್ಟಿಲುಗಳಲ್ಲಿ ನಮ್ಮ ಮನೆಯದೂ ಒಂದಾಗಿತ್ತು. ಕಳೆದ ವಾರ ಅದನ್ನು ಒಡೆಸಿ ಒಳಗೆ ಸರಿಸಿದಾಗ ಅಡಿಯಲ್ಲಿ ಮೊಣಕಾಲುದ್ದ ಹೂಳು ಸಿಕ್ಕಿತು. ಅಕ್ಕಪಕ್ಕದ ಮೂರು ಮನೆಯವರು ತಮ್ಮ ಮೆಟ್ಟಿಲುಗಳನ್ನೂ ತೆಗೆಯಲು ಒಪ್ಪಿದ್ದಾರೆ. ಅಲ್ಲಿಂದ ಮುಂದಿನ ಹೂಳೆತ್ತುವ ಕೆಲಸವನ್ನು ಮುಂಗಾರಿಗೆ ಮುನ್ನ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉಣಕಲ್ ನಿವಾಸಿ, ಹುಬ್ಬಳ್ಳಿ